ಬೆರಳಿಗೆ ಸಿಗುವ ಕರ್ನಾಟಕ: ಸ್ಪರ್ಶ ನಕ್ಷೆ ಮಾಡುವಲ್ಲಿ ನನ್ನ ಅನುಭವ

ಸಮಾಜ ವಿಜ್ಞಾನದ ತರಗತಿಯಲ್ಲಿ ನಕ್ಷೆ ಬಿಚ್ಚಿದ ಕೂಡಲೇ ಕಣ್ಣು ಕಾಣದ ಮಗುವಿಗೆ "ನೀನು ಕೇಳಿಸಿಕೊಂಡರೆ ಸಾಕು" ಎಂದುಬಿಡುವುದು ರೂಢಿಯಾಗಿದೆ. ಸಾಕಾಗುವುದಿಲ್ಲ. ಅದೇ ಬೆಂಚಿನಲ್ಲಿ ಕೂತು ಅದೇ ಪಾಠ ಕಲಿಯಬೇಕಾದರೆ ಬೆರಳಿನಿಂದ ಮುಟ್ಟಿ ಓದುವ ನಕ್ಷೆ ಹಿಂದಿನ ದಿನವೇ ಸಿದ್ಧವಿರಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 17ನೇ ಸೆಕ್ಷನ್ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಕಲಿಕಾ ಸಾಮಗ್ರಿ ಉಚಿತವಾಗಿ ಸಿಗಬೇಕು ಎನ್ನುತ್ತದೆ. ಅದು ಬರುವತನಕ ಪಾಠ ಕಾಯುವುದಿಲ್ಲ. ಹಾಗಾಗಿ ಕರ್ನಾಟಕದ ನದಿಗಳ ನಕ್ಷೆಯನ್ನು ನಾನು ಕೈಯಲ್ಲೇ ಮಾಡುತ್ತೇನೆ.

ಪಠ್ಯಪುಸ್ತಕದ ನಕ್ಷೆಯನ್ನು ಹಾಗೇ ಉಬ್ಬಿಸಲು ಹೋಗಬೇಡಿ. ಬೆರಳು ಒಂದೊಂದೇ ತುಣುಕನ್ನು ಓದುತ್ತದೆ, ಜೋಡಿಸುವ ಕೆಲಸ ಮನಸ್ಸಿನದು. ಗಡಿ, ಜಿಲ್ಲೆ, ನದಿ, ಅಣೆಕಟ್ಟು ಎಲ್ಲ ಒಂದೇ ಹಾಳೆಯಲ್ಲಿದ್ದರೆ ಕೈಗೆ ಬರೀ ಒರಟು ಸಿಗುತ್ತದೆ. ಮೊದಲ ಹಾಳೆಯಲ್ಲಿ ಗಡಿ ಮಾತ್ರ, ಎರಡನೆಯದರಲ್ಲಿ ಗಡಿ, ಘಟ್ಟ, ನದಿ, ಮೂರನೆಯದರಲ್ಲಿ ಹಿಗ್ಗಿಸಿದ ಕರಾವಳಿ. ಪ್ರತಿ ಹಾಳೆಯ ಬಲ ಮೇಲ್ಮೂಲೆಯನ್ನು ಓರೆಯಾಗಿ ಕತ್ತರಿಸಿ. ಹಾಳೆ ತಲೆಕೆಳಗಾಗಿದ್ದರೆ ಮಗುವಿಗೆ ತಾನೇ ಗೊತ್ತಾಗುತ್ತದೆ.

ಎ4 ಅಳತೆಯ ರಟ್ಟು ಸಾಕು. ಗಡಿಗೆ 2 ಮಿ.ಮೀ. ದಪ್ಪದ ಹತ್ತಿ ಹುರಿ, ನದಿಗೆ ಚಪ್ಪಲಿ ಹೊಲಿಯುವ ಮೇಣದ ದಾರ, ಊರಿಗೆ ಉಬ್ಬಿದ ಬಿಂದಿ, ಸಮುದ್ರಕ್ಕೆ 220 ನಂಬರಿನ ಮರಳು ಕಾಗದ. ಇನ್ನೂ ಒರಟಾದದ್ದು ಬೇಡ, ಬ್ರೈಲ್ ಓದುವ ಬೆರಳ ತುದಿ ಸವೆದು ಉರಿಯುತ್ತದೆ. ಉಲ್ಲನ್ ದಾರದ ಎಳೆ ಬಿಡುತ್ತದೆ. ರವೆ ಅಂಟಿಸಿದರೆ ಇರುವೆ ಬರುತ್ತದೆ. ಮೆಹಂದಿ ಕೋನಿನಲ್ಲಿ ಫೆವಿಕಾಲ್ ತುಂಬಿ ಗೆರೆ ಎಳೆಯಬಹುದು. ಆದರೆ ನೀರು ಆರಿದಂತೆ ಗೆರೆ ಕುಗ್ಗುತ್ತದೆ, ಪೂರ್ತಿ ಒಣಗಿದ ಮೇಲೆ ಎರಡನೇ ಪದರ ಹಾಕಲೇಬೇಕು. ಮುಳ್ಳುಚಕ್ರದಿಂದ (ಹಿಡಿಕೆಯ ತುದಿಯಲ್ಲಿ ಉರುಳುವ ಹಲ್ಲಿನ ಚಕ್ರ) ಗೆರೆ ಉಬ್ಬಿಸುವವರು ಹಾಳೆಯ ಹಿಂಬದಿಯಿಂದ ಒತ್ತುತ್ತಾರೆ. ನಕ್ಷೆಯನ್ನು ಮೊದಲು ಕನ್ನಡಿಯ ಬಿಂಬದಂತೆ ತಿರುಗಿಸಿಕೊಳ್ಳದಿದ್ದರೆ ಅರಬ್ಬಿ ಸಮುದ್ರ ಪೂರ್ವಕ್ಕೆ ಬಂದುಬಿಡುತ್ತದೆ.

ಎರಡು ಗೆರೆಗಳ ನಡುವೆ ಕನಿಷ್ಠ 5 ಮಿ.ಮೀ. ಬಿಡಿ. ಅದಕ್ಕಿಂತ ಹತ್ತಿರವಿದ್ದರೆ ಬೆರಳಿಗೆ ಅವು ಒಂದೇ ದಪ್ಪ ಗೆರೆ. ತುಂಗಭದ್ರೆ ಸ್ವಲ್ಪ ದೂರ ಆಂಧ್ರದ ಗಡಿಯೇ ಆಗಿ ಹರಿಯುವ ಕಡೆ ಇದು ದೊಡ್ಡ ತೊಂದರೆ: ಮಗು ನದಿ ಹಿಡಿದು ಹೊರಟು ಗಡಿಯ ಮೇಲೇ ನಡೆದುಬಿಡುತ್ತದೆ. ಅಲ್ಲಿ ನಾನು ನದಿಯನ್ನು ಮೊದಲು ಅಂಟಿಸಿ, ಗಡಿಯ ಹುರಿಯನ್ನು ಸ್ವಲ್ಪ ಹೊರಗೆ ಸರಿಸುತ್ತೇನೆ. ಸರಿಸಿದ್ದೇನೆಂದು ಮಗುವಿಗೆ ಹೇಳುತ್ತೇನೆ.

ಹೆಸರು ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬ್ರೈಲ್ ಅಕ್ಷರವನ್ನು ಸಣ್ಣದು ಮಾಡಲಾಗದು. ಭಾರತೀಯ ಭಾಷೆಗಳ ಬ್ರೈಲ್ ಆದ ಭಾರತಿ ಬ್ರೈಲ್‌ನಲ್ಲಿ ಸ್ವರಚಿಹ್ನೆಗೂ ಒಂದು ಕೋಶ, ಅಂದರೆ ಆರು ಚುಕ್ಕಿಗಳ ಒಂದು ಮನೆ ಬೇಕು, ಒತ್ತಕ್ಷರಕ್ಕೆ ಮೊದಲು 4ನೇ ಚುಕ್ಕಿಯ ಕೋಶ ಇಡಬೇಕು. "ತುಂಗಭದ್ರಾ" ಬರೆಯಲು ಒಂಬತ್ತು ಕೋಶ ಹಿಡಿಯುತ್ತದೆ. ಕೋಶಕ್ಕೆ ಸುಮಾರು 6 ಮಿ.ಮೀ. ಎಂದರೆ 5.4 ಸೆಂ.ಮೀ. ಬೀದರಿನಿಂದ ಚಾಮರಾಜನಗರದವರೆಗೆ 25 ಸೆಂ.ಮೀ. ಎತ್ತರದ ನಕ್ಷೆಯಲ್ಲಿ ಆ ಒಂದು ಹೆಸರು ಸುಮಾರು 160 ಕಿ.ಮೀ. ನಾಡನ್ನು ನುಂಗುತ್ತದೆ. ನಕ್ಷೆಯ ಮೇಲೆ "ತು", "ಕಾ" ಎಂದಷ್ಟೇ ಇಟ್ಟು, ಪೂರ್ತಿ ಹೆಸರುಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕೊಡಿ.

ಘಟ್ಟಕ್ಕೆ ಪ್ಯಾಕಿಂಗ್ ಡಬ್ಬದ ರಟ್ಟಿನ ಮೇಲ್ಪದರ ಸುಲಿದು ಸುಕ್ಕು ಕಾಣುವಂತೆ ಪಟ್ಟಿ ಕತ್ತರಿಸಿ. ಕರಾವಳಿಯ ಹಾಳೆಯಲ್ಲಿ ಇದೇ ಪಟ್ಟಿಯನ್ನು ಎರಡು ಪದರವಾಗಿ ಅಂಟಿಸಿ, ಶರಾವತಿಯ ದಾರವನ್ನು ಅದರ ಮೇಲೆ ಎಳೆದು, ಜೋಗದಲ್ಲಿ ಅಂಚಿನಿಂದ ನೇರ ಕೆಳಗೆ ಇಳಿಸುತ್ತೇನೆ. ಶರಾವತಿ ಹುಟ್ಟುವ ಅಂಬುತೀರ್ಥದ ಬಿಂದಿಯಿಂದ ಹೊರಟ ಬೆರಳು ಸುಕ್ಕಿನ ಮೇಲೆ ಸಾಗಿ, ಅಂಚಿಗೆ ಬಂದು ತಟ್ಟನೆ ಕೆಳಗೆ ಬೀಳುತ್ತದೆ. ಮತ್ತೆ ಮೇಲೆ ಹತ್ತಿ, ಮತ್ತೆ ಇಳಿಯುತ್ತದೆ. ಜೋಗದ ಎತ್ತರ 253 ಮೀಟರ್ ಎಂಬ ಅಂಕಿಯನ್ನು ಆಗ ಹೇಳಬೇಕು, ಅದಕ್ಕೆ ಮೊದಲಲ್ಲ.

ತರಗತಿಗೆ ಮುಂಚೆ ಹತ್ತು ನಿಮಿಷ ನಕ್ಷೆಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರಿ. ಮಗುವಿನ ಕೈ ಹಿಡಿದು ಎಳೆಯಬೇಡಿ. ತೋರಿಸಲೇಬೇಕಾದರೆ ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಮೇಲಿರಲಿ. ಹಾಳೆಯ ಕತ್ತರಿಸಿದ ಮೂಲೆಯಲ್ಲಿ ಒಂದು ಕೈ ನೆಲೆ ನಿಂತರೆ ಇನ್ನೊಂದು ದಾರಿ ತಪ್ಪುವುದಿಲ್ಲ. ಪಾಠ ಮಾಡುವ ಮೇಷ್ಟರು "ಇಲ್ಲಿಂದ ಇಲ್ಲಿಗೆ" ಎನ್ನದೆ "ಕೊಡಗಿನಿಂದ ಪೂರ್ವಕ್ಕೆ" ಎನ್ನಲಿ. ಅದು ಹಿಂದಿನ ಬೆಂಚಿನವರಿಗೂ ಅನುಕೂಲ.

ನೀವೇ ಕಣ್ಣು ಮುಚ್ಚಿ ಮುಟ್ಟಿ ನೋಡಿದರೆ ಪರೀಕ್ಷೆ ಆಗಲಿಲ್ಲ, ಆ ನಕ್ಷೆ ನಿಮ್ಮ ತಲೆಯಲ್ಲಿ ಆಗಲೇ ಇದೆ. ಮಗು ಕಾವೇರಿಯನ್ನು ಒಂಟಿಯಾಗಿ ತಲಕಾವೇರಿಯಿಂದ ಗಡಿಯವರೆಗೆ ಹಿಡಿದು ಹೋಗಲಿ. ಬೆರಳು ಎಲ್ಲಿ ನಿಂತು ತಡವರಿಸುತ್ತದೋ ಅಲ್ಲಿ ದಾರ ಕಿತ್ತು ಮತ್ತೆ ಅಂಟಿಸಿ.