ಡ್ರಿಪ್ ಕಬ್ಬು, ಕುಳೆ ಕಬ್ಬು ಮತ್ತು ಎರಡು ಸರಾಸರಿ

ಜಮಖಂಡಿಯಲ್ಲಿ ಪದವಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅವರಲ್ಲಿ ಬಹಳಷ್ಟು ಮಂದಿ ಕಬ್ಬು ಬೆಳೆಯುವ ಮನೆಯವರು. ಹಾಗಾಗಿ ಎರಡು ಗುಂಪಿನ ಸರಾಸರಿ ಹೋಲಿಸುವ ಪಾಠಕ್ಕೆ ಕಬ್ಬಿನ ಲೆಕ್ಕವನ್ನೇ ಕೊಡುತ್ತೇನೆ.

ಅಂಕಿಗಳು ಪಾಠಕ್ಕೆಂದು ನಾನೇ ಕಟ್ಟಿದವು. ಡ್ರಿಪ್ (ಹನಿ ನೀರಾವರಿ) ಹಾಕಿದ 20 ಹೊಲ, ಸಾಲಿಗೆ ನೀರು ಹಾಯಿಸುವ 20 ಹೊಲ. ಡ್ರಿಪ್ ಹೊಲಗಳ ಸರಾಸರಿ ಎಕರೆಗೆ 49.6 ಟನ್, ಉಳಿದವುಗಳದು 40.4. ಮಕ್ಕಳು ಟಿ-ಟೆಸ್ಟ್ ಮಾಡುತ್ತಾರೆ, ಅಂದರೆ ಎರಡು ಸರಾಸರಿಗಳ ಅಂತರವನ್ನು ಪರೀಕ್ಷಿಸುತ್ತಾರೆ. ಪಿ ಬೆಲೆ (ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೆ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಬರುವ ಸಂಭವ) ತೀರಾ ಚಿಕ್ಕದು ಬರುತ್ತದೆ. ‘ಡ್ರಿಪ್‌ನಿಂದ 9.2 ಟನ್ ಜಾಸ್ತಿ’ ಎಂದು ಬರೆದುಬಿಡುತ್ತಾರೆ.

ಆಗ ಕೇಳುತ್ತೇನೆ: ಡ್ರಿಪ್ ಹಾಕುವುದು ಯಾವ ಹೊಲಕ್ಕೆ? ಕಳೆದ ಸಲ ಒಬ್ಬ ಹುಡುಗಿ ತಟ್ಟನೆ ಹೇಳಿದಳು: “ಸರ್, ಹೊಸಾ ಕಬ್ಬು ಹಚ್ಚೂವಾಗ ಪೈಪ್ ಹಾಕ್ತಾರ್ರಿ. ಕುಳೆ ಕಬ್ಬಿಗೆ ಯಾರ್ ಹೊಸದಾಗಿ ಹಾಕ್ತಾರ?”

ಪಾಠದ ತಿರುಳು ಅದೇ. ಕುಳೆ ಎಂದರೆ ಕಟಾವಾದ ಕಬ್ಬಿನ ಬುಡದಿಂದ ಮತ್ತೆ ಚಿಗುರಿದ ಬೆಳೆ. ಅದರ ಇಳುವರಿ ಸಾಮಾನ್ಯವಾಗಿ ಹೊಸ ನಾಟಿಗಿಂತ ಕಡಿಮೆ. ನನ್ನ ಹಾಳೆಯಲ್ಲಿ ಡ್ರಿಪ್ ಗುಂಪಿನ 16 ಹೊಲ ಹೊಸ ನಾಟಿ, 4 ಕುಳೆ. ಇನ್ನೊಂದು ಗುಂಪಿನಲ್ಲಿ ಹೊಸದು 4, ಕುಳೆ 16. ಈಗ ಬೇರೆ ಬೇರೆ ಮಾಡಿ ನೋಡಿ. ಹೊಸ ನಾಟಿಯಲ್ಲಿ ಡ್ರಿಪ್‌ಗೆ 52, ಹಾಯಿಸಿದ್ದಕ್ಕೆ 50. ಕುಳೆಯಲ್ಲಿ 40 ಮತ್ತು 38. ಎರಡೂ ಕಡೆ ವ್ಯತ್ಯಾಸ ಬರೀ 2 ಟನ್! ಉಳಿದ 7.2 ಟನ್ ಬಂದದ್ದು ಕುಳೆ–ಹೊಸದರ ಲೆಕ್ಕದಿಂದ. ಗುಂಪಿಗೂ ನಂಟು, ಇಳುವರಿಗೂ ನಂಟು ಇರುವ ಇಂಥದ್ದೇ ಕನ್‌ಫೌಂಡರ್. ಹೊಲಗಳನ್ನು 40ರಿಂದ 4000ಕ್ಕೆ ಏರಿಸಿದರೂ ಅದು ಹೋಗುವುದಿಲ್ಲ. ಪಿ ಬೆಲೆ ಇನ್ನೂ ಚಿಕ್ಕದಾಗುತ್ತದೆ, ತಪ್ಪು ಹಾಗೇ ಕೂತಿರುತ್ತದೆ. ಇದನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಇದಕ್ಕೆ ದಾರಿ ತೋರಿಸಿದರು. ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಬೇಕು ಎಂದರು. ಆದರೆ ನಮ್ಮಲ್ಲಿ ಚೀಟಿ ಎತ್ತಿ ಯಾರದೋ ಹೊಲಕ್ಕೆ ಪೈಪ್ ಹಾಕಿಸಲು ಆಗುತ್ತದಾ? ಹಾಗಾಗಿ ಕುಳೆ, ಮಣ್ಣು, ತಳಿ ಎಲ್ಲವನ್ನೂ ಮೊದಲೇ ಬರೆದುಕೊಳ್ಳಿ ಎನ್ನುತ್ತೇನೆ.

ಹಾಗಂತ ಸಿಕ್ಕಿದ್ದರ ಮೇಲೆಲ್ಲ ಗುಂಪು ಮಾಡಬಾರದು. ಕಬ್ಬಿನ ದಪ್ಪ ನೋಡಿಯೂ ಬೇರೆ ಮಾಡೋಣ ಎಂದ ಒಬ್ಬ ಹುಡುಗ. ಬೇಡ ಎಂದೆ. ಡ್ರಿಪ್‌ನಿಂದಲೇ ಕಬ್ಬು ದಪ್ಪ ಆಗಿದ್ದರೆ? ಒಂದೇ ದಪ್ಪದವನ್ನು ಹೋಲಿಸಿದಾಗ ಡ್ರಿಪ್‌ನ ಲಾಭವನ್ನೇ ಅಳಿಸಿದಂತೆ.

ಈ ವರ್ಷ ಮಕ್ಕಳು ತಮ್ಮ ಊರಿನ ಲೆಕ್ಕ ತರುತ್ತಿದ್ದಾರೆ. ಇಳುವರಿಗಿಂತ ಮುಂಚಿನ ಕಾಲಂನಲ್ಲಿ ‘ಹೊಸದೋ, ಎಷ್ಟನೇ ಕುಳೆಯೋ’ ಎಂದು ಬರೆಸುತ್ತಿದ್ದೇನೆ.