‘ಮದುವೆ ಯಾವತ್ತಾಯಿತು?’ ಎಂದು ಕೇಳಿ ಕೆಟ್ಟೆ

ಧಾರವಾಡದಲ್ಲಿ ಎಂಟು ವರ್ಷ ಸಿವಿಲ್ ಕೇಸು ನಡೆಸಿದವಳು ನಾನು. ಗಂಡನಿಗೆ ಡರ್ಬನ್‌ನಲ್ಲಿ ಕೆಲಸ ಸಿಕ್ಕಿತು, ನಾನೂ ದಕ್ಷಿಣ ಆಫ್ರಿಕಾಕ್ಕೆ ಹೋದೆ. ಅಲ್ಲಿನ ಕೋರ್ಟಿನಲ್ಲಿ ನಿಂತು ವಾದಿಸುವ ಹಕ್ಕು ನನಗಿರಲಿಲ್ಲ. ಒಂದು ಸಣ್ಣ ವಕೀಲರ ಆಫೀಸಿನಲ್ಲಿ ಕಕ್ಷಿದಾರರ ಹೇಳಿಕೆ ಬರೆದುಕೊಳ್ಳುವ, ಫೈಲು ಜೋಡಿಸುವ ಕೆಲಸ ಸಿಕ್ಕಿತು. ಬರುತ್ತಿದ್ದ ಕೇಸುಗಳಲ್ಲಿ ಹೆಚ್ಚಿನವು ಒಂದೇ ಥರ. ಗಂಡ ತೀರಿಕೊಂಡಿದ್ದಾನೆ, ಮದುವೆ ರಿಜಿಸ್ಟರ್ ಆಗಿಲ್ಲ, ಗಂಡನ ಮನೆಯವರು ‘ಇವಳು ಹೆಂಡತಿಯೇ ಅಲ್ಲ’ ಅಂತಿದ್ದಾರೆ.

ಕಾಯ್ದೆ ಓದುವುದು ಕಷ್ಟವಾಗಲಿಲ್ಲ. ಅಲ್ಲಿನ ಆಫ್ರಿಕನ್ ಸಮುದಾಯಗಳ ಸಾಂಪ್ರದಾಯಿಕ ಮದುವೆಗಳಿಗೆ ಮಾನ್ಯತೆ ಕೊಡುವ 1998ರ ಕಾಯ್ದೆ, 2000ದ ನವೆಂಬರ್ 15ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮು ಕೇಳುವುದು ಇಷ್ಟೇ: ಇಬ್ಬರಿಗೂ 18 ತುಂಬಿರಬೇಕು, ಸಂಪ್ರದಾಯದಂತೆ ಮದುವೆಯಾಗಲು ಇಬ್ಬರೂ ಒಪ್ಪಿರಬೇಕು, ಆ ಸಂಪ್ರದಾಯದ ಪ್ರಕಾರವೇ ಮಾತುಕತೆಯಾಗಿ ಮದುವೆ ನಡೆದಿರಬೇಕು. ರಿಜಿಸ್ಟರ್ ಮಾಡಿಸಿಲ್ಲ ಅಂತ ಮದುವೆ ರದ್ದಾಗುವುದಿಲ್ಲ. ಒಂದು ವಾರದಲ್ಲಿ ಇದೆಲ್ಲ ಬಾಯಿಪಾಠವಾಯಿತು. ಇನ್ನೇನು, ಬಂತಲ್ಲ ಅಂದುಕೊಂಡೆ.

ಮೊದಲ ವಿಧವೆಯ ಮುಂದೆ ಪ್ರಶ್ನೆಗಳ ಪಟ್ಟಿ ಹಿಡಿದು ಕೂತೆ. ಮದುವೆ ಯಾವತ್ತಾಯಿತು? ‘ಗೊತ್ತಿಲ್ಲ.’ ಹೆಣ್ಣು ಒಪ್ಪಿಸುವ ಶಾಸ್ತ್ರ ನಡೆಯಿತಾ? ‘ಇಲ್ಲ.’ ಲೊಬೊಲೊ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಹಸು ಅಥವಾ ಹಣ, ಪೂರ್ತಿ ಕೊಟ್ಟರಾ? ‘ಇಲ್ಲ.’ ನಾನೂ ಹಾಗೇ ಬರೆದೆ. ಕೇಸು ನಿಲ್ಲುವುದಿಲ್ಲ ಎಂಬ ಟಿಪ್ಪಣಿ ಹಚ್ಚಿ ಮೇಲೆ ಕಳಿಸಿದೆ.

ಆಫೀಸಿನಲ್ಲಿ ಅನುವಾದಕ್ಕೆ ಕೂರುತ್ತಿದ್ದ ಹಿರಿಯ ಝುಲು ಹೆಂಗಸೊಬ್ಬರಿದ್ದರು (ಝುಲು ಅಂದರೆ ಡರ್ಬನ್ ಸುತ್ತಲಿನ ಆಫ್ರಿಕನ್ ಸಮುದಾಯ). ಎಲ್ಲರೂ ಅವರನ್ನು ಮಾಮಾ ಅಂತಿದ್ದರು, ಅಂದರೆ ಅಮ್ಮ. ಅವರು ನನ್ನ ಹಾಳೆ ನೋಡಿ, ‘ನೀನು ಫಾರಂ ತುಂಬಿದ್ದೀಯಾ ಮಗಳೇ, ಅವಳನ್ನು ಏನೂ ಕೇಳಿಲ್ಲ’ ಅಂದರು. ಆ ಹೆಂಗಸನ್ನು ಮತ್ತೆ ಕರೆಸಿ ಒಂದೇ ಮಾತು ಕೇಳಿದರು: ‘ಅವನ ಕಡೆಯವರು ನಿಮ್ಮ ಗೇಟಿನ ಹತ್ತಿರ ಬಂದರಲ್ಲ, ಅಲ್ಲಿಂದ ಶುರುಮಾಡು.’

ಒಂದೂವರೆ ಗಂಟೆ ಮಾತು ಹರಿಯಿತು. ಬೆಳಕು ಹರಿಯುವ ಹೊತ್ತಿಗೆ ಅಬಖೊಂಗಿಗಳು, ಅಂದರೆ ಗಂಡಿನ ಕಡೆಯಿಂದ ಮಾತಾಡಲು ಬರುವ ಹಿರಿಯರು, ಗೇಟಿನ ಹೊರಗೆ ನಿಂತು ಹೆಣ್ಣಿನ ಮನೆತನದ ಹೊಗಳಿಕೆಯ ಹೆಸರುಗಳನ್ನು ಕೂಗಿದರು. ಒಳಗೆ ಕರೆದ ಮೇಲೆ ಇಮ್ವುಲಮ್ಲೊಮೊ ಕೊಟ್ಟರು. ‘ಬಾಯಿ ತೆರೆಸುವುದು’ ಅಂತ ಅದರ ಅರ್ಥ. ಆ ಹಣ ಇಡದೆ ಮಾತೇ ಶುರುವಾಗುವುದಿಲ್ಲ. ಆಮೇಲೆ ಹಸುಗಳ ಲೆಕ್ಕ. ಕೊಡುವುದು ರ‍್ಯಾಂಡ್ ನೋಟುಗಳನ್ನೇ, ಆದರೆ ಎಣಿಸುವುದು ಹಸುವಿನಲ್ಲಿ. ಒಪ್ಪಂದವಾದ ಮೇಲೆ ಗಂಡಿನ ಸೋದರತ್ತೆಯರು ಇವಳಿಗೆ ತಲೆಗೆ ವಸ್ತ್ರ ಕಟ್ಟಿ, ಹೆಗಲಿಗೆ ಶಾಲು ಹೊದಿಸಿ, ‘ಮಕೋಟಿ’ ಅಂತ ಕರೆದು ಕುಣಿದರು. ಮಕೋಟಿ ಅಂದರೆ ಸೊಸೆ, ಮದುಮಗಳು. ಮರುವಾರದಿಂದ ಗಂಡನ ಜೊತೆ ಸಂಸಾರ.

ಇದನ್ನೆಲ್ಲ ನನ್ನ ಪಟ್ಟಿ ಒಂದು ‘ಇಲ್ಲ’ದಲ್ಲಿ ಮುಗಿಸಿತ್ತು!

ಮಾತಿನ ಕೊನೆಗೆ ಅವಳು ಚೀಲದಿಂದ ಶಾಲಾ ಮಕ್ಕಳ ನೋಟ್‌ಬುಕ್ಕೊಂದನ್ನು ತೆಗೆದಳು. ಎಣ್ಣೆ ಜಿಡ್ಡು ಹತ್ತಿದ ಪುಟದಲ್ಲಿ ಅವತ್ತು ಕೊಟ್ಟದ್ದು, ಬಾಕಿ ಉಳಿದದ್ದು, ಎರಡೂ ಕಡೆಯವರ ಸಹಿ. ಗಂಡಿನ ಕಡೆಯ ಸಹಿಗಳಲ್ಲಿ ಒಂದು, ಈಗ ‘ಮದುವೆಯೇ ಆಗಿಲ್ಲ’ ಅನ್ನುತ್ತಿದ್ದ ಗಂಡನ ಚಿಕ್ಕಪ್ಪನದೇ.

ಅವತ್ತಿನಿಂದ ಕಲಿಯುವ ದಾರಿ ಬದಲಾಯಿಸಿದೆ. ಕಾಯ್ದೆ ಪಕ್ಕಕ್ಕಿಟ್ಟು ತೀರ್ಪುಗಳನ್ನು ಕೂತು ಓದಿದೆ. ಶುರುಮಾಡುವವರು 2004ರ ಭೇ ತೀರ್ಪಿನಿಂದ ಶುರುಮಾಡಿ. ತಂದೆ ಸತ್ತಾಗ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು, ಅವನ ತಂದೆಯೇ ವಾರಸುದಾರ ಅಂದಿದ್ದರು. ಗಂಡಸೇ ವಾರಸುದಾರ ಎಂಬ ಆ ನಿಯಮವನ್ನು ಸಂವಿಧಾನ ನ್ಯಾಯಾಲಯ ತೆಗೆದುಹಾಕಿತು. ಮುಂದೆ 2008ರ ಶಿಲುಬಾನಾ. ಇದು ನನ್ನ ತಲೆಯನ್ನೇ ತಿರುಗಿಸಿದ ತೀರ್ಪು.

ಯಾಕೆ ಅಂದರೆ, ನಮ್ಮಲ್ಲಿ ರೂಢಿ ಅಂದರೆ ಹಳೆಯದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ರೂಢಿ ಅನ್ನಿಸಿಕೊಳ್ಳಲು ಅದು ಬಹುಕಾಲದಿಂದ ಬಿಡದೆ, ಒಂದೇ ರೀತಿ ನಡೆದುಬಂದಿರಬೇಕು. ಅಜ್ಜನ ಕಾಲದಿಂದ ಹೀಗೇ ಅಂತ ಸಾಕ್ಷಿ ಹೇಳಿಸಲು ನಾನು ಎಷ್ಟು ಮುದುಕರನ್ನು ಕಟಕಟೆ ಹತ್ತಿಸಿದ್ದೇನೋ. ಶಿಲುಬಾನಾದಲ್ಲಿ ಲಿಂಪೊಪೊ ಪ್ರಾಂತ್ಯದ ವಲೊಯಿ ಸಮುದಾಯ ತನ್ನ ಮುಖ್ಯಸ್ಥ ಸ್ಥಾನವನ್ನು ಹೆಣ್ಣಿಗೆ ಕೊಡಲು ತೀರ್ಮಾನಿಸಿತ್ತು. ಹಿಂದೆ ಹೀಗಿರಲಿಲ್ಲ ಎಂಬ ಆಕ್ಷೇಪಕ್ಕೆ ನ್ಯಾಯಾಲಯ ಸೋಲಲಿಲ್ಲ. ತನ್ನ ಸಂಪ್ರದಾಯವನ್ನು ಬದಲಿಸುವ ಹಕ್ಕು ಸಮುದಾಯಕ್ಕಿದೆ, ಸಾಂಪ್ರದಾಯಿಕ ಕಾನೂನು ಅಂದರೆ ಜನ ಇವತ್ತು ಬದುಕುತ್ತಿರುವ ರೀತಿ ಅಂದಿತು. ಅಂದರೆ ನಾನು ಹುಡುಕಬೇಕಾದ ಸಾಕ್ಷಿ ತೀರಾ ಮುದುಕರೇ ಆಗಬೇಕಿಲ್ಲ. ಹೋದ ವರ್ಷ ಮಗಳ ಮದುವೆ ಮಾಡಿದವರೂ ನಡೆಯುತ್ತದೆ.

ಪುಸ್ತಕ ನಂಬಿ ಮೋಸಹೋಗಬಾರದು ಅನ್ನುವುದಕ್ಕೆ ಹಸುವಿನ ಲೆಕ್ಕವೇ ಸಾಕು. ಹನ್ನೊಂದು ಹಸು, ಅದರಲ್ಲಿ ಒಂದು ತಾಯಿಗೆ ಸಲ್ಲುವ ಇಂಗ್ಕುತು, ಇದು ಝುಲುಗಳ ಅನಾದಿ ಪದ್ಧತಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸಾಮಾನ್ಯರಿಗೆ ಹತ್ತು ಹಸು ಎಂದು 1869ರಲ್ಲಿ ಮಿತಿ ಹಾಕಿದವನು ಡರ್ಬನ್ ಇರುವ ನಟಾಲ್‌ನ ಬ್ರಿಟಿಷ್ ಅಧಿಕಾರಿ ಥಿಯೋಫಿಲಸ್ ಶೆಪ್‌ಸ್ಟೋನ್. ಸರ್ಕಾರದ ಅಂಕಿ ಜನರ ಸಂಪ್ರದಾಯವಾಗಿಬಿಟ್ಟಿತು, ವಿಚಿತ್ರ ಅಲ್ವಾ?

ಲೊಬೊಲೊ ಅಂದರೆ ಹೆಣ್ಣು ಕೊಳ್ಳುವ ಬೆಲೆ ಅಂತ ನನ್ನ ಜೊತೆಗಿದ್ದ ಕೆಲವು ಭಾರತೀಯರು ಮೂಗು ಮುರಿಯುತ್ತಿದ್ದರು. ನಮ್ಮ ಕಡೆ ತೆರ ಕೊಟ್ಟು ಹೆಣ್ಣು ತರುತ್ತಿದ್ದ ಮನೆತನಗಳಿದ್ದವು ಎಂದು ನೆನಪಿಸಿದರೆ ಮಾತು ನಿಲ್ಲುತ್ತಿತ್ತು. ಹಾಗಂತ ತೆರದ ತಿಳಿವಳಿಕೆ ಇಟ್ಟುಕೊಂಡು ಲೊಬೊಲೊ ಅಳೆಯಲು ಹೋಗಿ ನಾನೂ ಎರಡು ಸಲ ಎಡವಿದ್ದೇನೆ. ಪೂರ್ತಿ ತೀರದ ಲೊಬೊಲೊ ಅಲ್ಲಿ ಸಾಮಾನ್ಯ. ಬಾಕಿಯಿದೆ ಅನ್ನುವುದೊಂದರಿಂದಲೇ ಮದುವೆ ಬಿದ್ದುಹೋಗುವುದಿಲ್ಲ. ಹೆಣ್ಣು ಒಪ್ಪಿಸುವ ಶಾಸ್ತ್ರದ ವಿಷಯವೂ ಹಾಗೇ. ಅದೊಂದು ತಪ್ಪಿತು ಅಂತ ಮದುವೆ ಇಲ್ಲವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಆಫ್ ಅಪೀಲ್ 2019ರ ಎಂಬುಂಗೆಲಾ ತೀರ್ಪಿನಲ್ಲಿ ಹೇಳಿದೆ.

ಇನ್ನೊಂದು ಮಾತು, ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ತಾಳೆಯಾಗದಿದ್ದರೆ ಗಾಬರಿ ಬೇಡ. 2013ರ ಮಯೆಲಾನೆ ಕೇಸಿನಲ್ಲಿ, ಎರಡನೇ ಮದುವೆಗೆ ಮೊದಲ ಹೆಂಡತಿಯ ಒಪ್ಪಿಗೆ ಬೇಕೇ ಎಂದು ತಿಳಿಯಲು ಸಂವಿಧಾನ ನ್ಯಾಯಾಲಯವೇ ತ್ಸೊಂಗಾ ಜನರ ಪದ್ಧತಿ ಬಗ್ಗೆ ಇನ್ನಷ್ಟು ಅಫಿಡವಿಟ್ ತರಿಸಿತು. ಅವೂ ಒಂದೇ ರಾಗ ಹಾಡಲಿಲ್ಲ. ಎಲ್ಲವನ್ನೂ ತೂಗಿ ನೋಡಿ, ತ್ಸೊಂಗಾ ಪದ್ಧತಿಯಲ್ಲಿ ಒಪ್ಪಿಗೆ ಬೇಕು ಎಂದು ತೀರ್ಮಾನಿಸಿತು. ಝುಲು ಕೇಸಿಗೆ ಅದನ್ನು ಸುಮ್ನೆ ಎತ್ತಿ ಅಂಟಿಸುವ ಹಾಗಿಲ್ಲ. ಯಾವ ಜನ, ಯಾವ ಊರು ಎಂದು ಮೊದಲ ಸಾಲಿನಲ್ಲೇ ಬರೆದುಕೊಳ್ಳುವ ಅಭ್ಯಾಸ ನನಗೆ ಬಂದದ್ದು ಇದನ್ನು ಓದಿದ ಮೇಲೆ.

ಆ ಚಿಕ್ಕಪ್ಪ ನೋಟ್‌ಬುಕ್ಕಿನ ಜೆರಾಕ್ಸ್ ನೋಡಿದ ಮೇಲೆ ತಕರಾರು ಎತ್ತಲಿಲ್ಲ. ಆದರೆ ಫಾರಂನಲ್ಲಿ ಮದುವೆಯ ತಾರೀಕಿಗೆ ಇರುವುದು ಒಂದೇ ಖಾನೆ. ಗೇಟಿನಲ್ಲಿ ಕೂಗಿದ ದಿನವಾ, ಶಾಲು ಹೊದಿಸಿದ ದಿನವಾ, ಸಂಸಾರ ಹೂಡಿದ ದಿನವಾ? ಮಾಮಾ ನೋಟ್‌ಬುಕ್ಕಿನ ತಾರೀಕನ್ನೇ ಬರೆಸಿ, ಹಿಂದೆ ಆ ಒಂದೂವರೆ ಗಂಟೆಯ ಮಾತನ್ನು ನಾಲ್ಕು ಪುಟ ಟೈಪು ಮಾಡಿಸಿ ಪಿನ್ನು ಹೊಡೆದರು.