ಅಪ್ಪನ ಫಿಯೆಟ್ಟಿಗೆ ವೆಲ್ಡಿಂಗ್ ಮೆಷಿನ್ ಹುಡುಕಿದ್ದು

ಆಲ್ದೂರಿನ ಹತ್ತಿರದ ನಮ್ಮ ತೋಟದ ಮನೆಯ ಶೆಡ್ಡಿನಲ್ಲಿ ಅಪ್ಪನ 1972ರ ಫಿಯೆಟ್ 1100 ಹದಿನೆಂಟು ಮಳೆಗಾಲ ನಿಂತಲ್ಲೇ ನಿಂತಿತ್ತು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ, ಆಮೇಲೆ ಪದ್ಮಿನಿ ಎಂದು ಹೆಸರಾದ ಅದೇ ಕಾರು. 1089 ಸಿಸಿಯ ಎಂಜಿನ್ನು ಕಾರ್ಬುರೇಟರ್ ತೊಳೆದು ಹೊಸ ಪ್ಲಗ್ ಹಾಕಿದ ಮೇಲೆ ಶುರುವಾಯಿತು. ಕೆಟ್ಟಿದ್ದದ್ದು ಮೈ. ರಬ್ಬರ್ ಮ್ಯಾಟ್ ಎತ್ತಿದರೆ ಶೆಡ್ಡಿನ ನೆಲ ಕಾಣುತ್ತಿತ್ತು. ಬಾಗಿಲ ಕೆಳಗಿನ ಸಿಲ್ಲಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದ ಹಾಗೆ ಮುರಿಯುತ್ತಿತ್ತು.

ಮೊದಲು ಗೇಟು, ಗ್ರಿಲ್ಲು ಮಾಡುವವರನ್ನು ಕರೆಸಿ ಫ್ಲೋರಿನ ಒಂದು ಮೂಲೆ ಕೊಟ್ಟು ನೋಡಿದೆ. ಅವರದ್ದು ರಾಡ್ ವೆಲ್ಡಿಂಗ್. ಕಬ್ಬಿಣದ ಆಂಗಲ್ಲಿಗೆ ಅದು ಚೆನ್ನ. ನಮ್ಮ ಕಾರಿನ ತಗಡು ಒಂದು ಮಿಲಿಮೀಟರ್ ಕೂಡ ಇಲ್ಲ, ಅದರಲ್ಲೂ ಅರ್ಧ ತುಕ್ಕು ತಿಂದದ್ದು. ರಾಡ್ ಮುಟ್ಟಿದಲ್ಲೆಲ್ಲ ತೂತು ಬಿತ್ತು. ತೂತಿನ ಮೇಲೆ ದಪ್ಪ ಪಟ್ಟಿ ಇಟ್ಟು ಸುಟ್ಟರು, ಪಟ್ಟಿಯ ಸುತ್ತ ಮತ್ತೆ ತೂತಾಯಿತು. ಅಷ್ಟಕ್ಕೇ ನಿಲ್ಲಿಸಲು ಹೇಳಿ ಕೂಲಿ ಕೊಟ್ಟು ಕಳಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಜೀಪಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಜೀಪಿನ ಭಾರ ಹೊರುವುದು ಕೆಳಗಿನ ಚಾಸಿಸ್ಸು, ಮೇಲಿನ ತಗಡು ಬರೀ ಹೊದಿಕೆ. ಫಿಯೆಟ್ಟಿಗೆ ಬೇರೆ ಚಾಸಿಸ್ಸೇ ಇಲ್ಲ. ಸಿಲ್ಲು, ಫ್ಲೋರು, ಕಂಬಗಳು ಸೇರಿಯೇ ಕಾರನ್ನು ಹೊರುತ್ತವೆ. ಅಲ್ಲಿ ಬೆಸುಗೆ ಕೆಟ್ಟರೆ ಹಳ್ಳದ ರಸ್ತೆಯಲ್ಲಿ ಬಾಗಿಲು ತಾನಾಗಿ ತೆರೆದುಕೊಂಡೀತು.

ಚಿಕ್ಕಮಗಳೂರಿನಲ್ಲಿ ನಲವತ್ತು ವರ್ಷ ಅಂಬಾಸಿಡರ್, ಫಿಯೆಟ್ಟುಗಳಿಗೆ ಟಿಂಕರಿಂಗ್ ಮಾಡಿದ ಒಬ್ಬ ಮೇಸ್ತ್ರಿ ಇದ್ದಾರೆ. ಈಗ ಕಣ್ಣು ಮಂಜು, ಕೆಲಸ ಬಿಟ್ಟಿದ್ದಾರೆ. ಅವರು ಎಲ್ಲವನ್ನೂ ಗ್ಯಾಸ್ ವೆಲ್ಡಿಂಗಿನಲ್ಲೇ ಮಾಡಿದವರು. ಗ್ಯಾಸಿನ ಬೆಸುಗೆ ಮೆತ್ತಗಿರುತ್ತದೆ, ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಬಹುದು. ಆದರೆ ಶಾಖ ಸುತ್ತಲೂ ಹರಡಿ ತಗಡು ಅಲೆಅಲೆಯಾಗಿ ಏಳುತ್ತದೆ. ಅದನ್ನು ಇಳಿಸುವ ಕೈ ಅವರಿಗಿತ್ತು, ನನಗಿಲ್ಲ. ಟಂಗ್‌ಸ್ಟನ್ ಮೊನೆಯ ಕಿಡಿಯಿಂದ ಬೆಸೆಯುವ ಟಿಗ್ ಮೆಷಿನ್ ಕೊಳ್ಳಲೇ ಎಂದು ಕೇಳಿದೆ. "ಟಿಗ್ಗಿಗೆ ತಗಡು ಕನ್ನಡಿ ಥರ ಇರ್ಬೇಕು ಗೌಡ್ರೇ, ನಿಮ್ಮ ಕಾರಲ್ಲಿ ಐವತ್ತು ವರ್ಷದ ಡಾಂಬರು, ಪೇಂಟು, ತುಕ್ಕು ಕೂತಿದೆ. ಸಿಒಟು ಮೆಷಿನ್ನೇ ತಗೊಳ್ಳಿ. ಆದ್ರೆ ಅದು ಎಷ್ಟು ಮೇಲಕ್ಕೆ ಹೋಗುತ್ತೆ ಅಂತ ಕೇಳ್ಬೇಡಿ, ಎಷ್ಟು ಕೆಳಕ್ಕೆ ಇಳಿಯುತ್ತೆ ಅಂತ ಕೇಳಿ" ಎಂದರು.

ಸಿಒಟು ಎಂದರೆ ಮಿಗ್ ವೆಲ್ಡಿಂಗ್. ಕೈಯಲ್ಲಿ ಹಿಡಿಯುವ ಟಾರ್ಚಿನ ತುದಿಯಿಂದ ತೆಳು ವೈರ್ ತಾನಾಗಿ ಬರುತ್ತಾ ಕರಗಿ ಬೆಸುಗೆಯಾಗುತ್ತದೆ, ಜೊತೆಗೆ ಬರುವ ಗ್ಯಾಸ್ ಅದಕ್ಕೆ ಗಾಳಿ ತಾಗದಂತೆ ತಡೆಯುತ್ತದೆ. ಅಂಗಡಿಗಳಲ್ಲಿ ಎಲ್ಲರೂ ತೋರಿಸುವುದು 200, 250 ಆಂಪಿಯರ್ ಎಂಬ ದೊಡ್ಡ ಅಂಕಿ. ಒಂದು ಮಿಲಿಮೀಟರ್ ತಗಡಿಗೆ ಬೇಕಾಗುವುದು ಸುಮಾರು 40 ಆಂಪಿಯರ್. ನನಗೆ ಬೇಕಿದ್ದದ್ದು 30ರಲ್ಲಿ ತಡವರಿಸದೆ ಉರಿಯುವ ಮೆಷಿನ್. ಫ್ಲೋರಿನಿಂದ ಕತ್ತರಿಸಿದ ಗಟ್ಟಿ ತುಂಡುಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯವರು ಡೆಮೊಗೆ ಇಟ್ಟಿರುವುದು ಮೂರು ಮಿಲಿಮೀಟರ್ ಪಟ್ಟಿ, ಅದರ ಮೇಲೆ ಯಾವ ಮೆಷಿನ್ನೂ ಚೆನ್ನಾಗಿಯೇ ಕಾಣುತ್ತದೆ. ನನ್ನ ತಗಡಿನ ಮೇಲೆ ಮೊದಲ ಎರಡು ಮೆಷಿನ್ ಕೆಳಗಿನ ಸೆಟ್ಟಿಂಗಿನಲ್ಲಿ ಪಟಪಟ ಸಿಡಿದು ನಿಂತುಹೋದವು. ಮೂರನೆಯದು 0.8 ಮಿಲಿಮೀಟರ್ ವೈರಿನಲ್ಲಿ ಸುಮಾರಾಗಿ, 0.6 ವೈರಿನಲ್ಲಿ ನೀಟಾಗಿ ಕೂತಿತು. ವೈರ್ ತಳ್ಳುವ ರೋಲರಿನ ತೋಡು ಎರಡು ಅಳತೆಗೂ ಇದೆಯೇ ಎಂದು ಅಲ್ಲೇ ಬಿಚ್ಚಿಸಿ ನೋಡಿ, ಅದನ್ನೇ ತಂದೆ.

ಒಳಗೆ ಪುಡಿ ತುಂಬಿದ, ಗ್ಯಾಸ್ ಇಲ್ಲದೆ ನಡೆಯುವ ಫ್ಲಕ್ಸ್ ವೈರ್ ಸಾಕು, ಸಿಲಿಂಡರ್ ಖರ್ಚು ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದರು. ಬಯಲಿನ ಗಾಳಿಯಲ್ಲಿ ಅದು ಒಳ್ಳೆಯದೇ. ತೆಳು ತಗಡಿಗೆ ಅದರ ಶಾಖ ಜಾಸ್ತಿ, ಸಿಡಿಯುವುದೂ ಜಾಸ್ತಿ. ನಾನು ಆರ್ಗಾನ್‌ಗೆ ಸಿಒಟು ಬೆರೆಸಿದ ಸಿಲಿಂಡರನ್ನೇ ಆರಿಸಿದೆ. ಬರೀ ಸಿಒಟುಗಿಂತ ದುಬಾರಿ, ಆದರೆ ಬೆಂಕಿ ಶಾಂತವಾಗಿ ಉರಿಯುತ್ತದೆ. ಶೆಡ್ಡಿನ ಗಾಳಿ ಬರುವ ಬದಿಗೆ ಟಾರ್ಪಾಲ್ ಕಟ್ಟಿದೆ.

ಮನೆಯ ಕರೆಂಟಿನದ್ದು ಬೇರೆಯೇ ಕಥೆ. ನಮ್ಮ ಲೈನಿಗೆ ಟ್ರಾನ್ಸ್‌ಫಾರ್ಮರ್ ದೂರ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆಂದು ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪು ಶುರುವಾದರೆ ಮೀಟರಿನಲ್ಲಿ 175 ವೋಲ್ಟ್ ನೋಡಿದ್ದೇನೆ. ಆಗ ಅದೇ ಮೆಷಿನ್, ಅದೇ ಸೆಟ್ಟಿಂಗ್, ಆದರೂ ಬೆಸುಗೆ ತಗಡಿನ ಮೇಲೆ ಗುಳ್ಳೆಯ ಹಾಗೆ ಕೂತು, ಉಳಿ ಇಟ್ಟು ಹೊಡೆದರೆ ಎದ್ದು ಬರುತ್ತದೆ. ಅದಕ್ಕೇ ಬೋರ್ಡಿನಿಂದ ಶೆಡ್ಡಿಗೆ ನೇರವಾಗಿ ದಪ್ಪ ಕೇಬಲ್ ಎಳೆಸಿದೆ, ಅರ್ಥಿಂಗ್ ಹೊಸದಾಗಿ ಹಾಕಿಸಿದೆ, 210ಕ್ಕಿಂತ ಕೆಳಗಿದ್ದರೆ ಟಾರ್ಚ್ ಮುಟ್ಟುವುದಿಲ್ಲ.

ವೈರಿನ ರೀಲು ಹದಿನೈದು ಕೆಜಿಯದ್ದು ಅಗ್ಗ ಬೀಳುತ್ತದೆ. ನಾನು ಐದು ಕೆಜಿಯದ್ದೇ ತರುತ್ತೇನೆ. ನಮ್ಮ ಜುಲೈ ತಿಂಗಳ ಥಂಡಿಗೆ ಆ ವೈರಿಗೂ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ವೈರ್ ಟಾರ್ಚಿನ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸ ಮುಗಿದ ತಕ್ಷಣ ರೀಲು ಬಿಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ.

ಹೊಸ ತಗಡು 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರಿನ, ಲೇಪನವಿಲ್ಲದ ಸಿಆರ್ ಶೀಟು. ಸತು ಲೇಪಿಸಿದ ಜಿಐ ಶೀಟು ಬೇಡ, ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಟ್ಟು, ಬ್ಯಾಟರಿ ಬಿಚ್ಚಿ, ಒದ್ದೆ ಗೋಣಿ ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಿದೆ. ಒಳಗಿನ ಡಾಂಬರಿಗೆ ಎರಡು ಸಲ ಬೆಂಕಿ ಹತ್ತಿತು, ಗೋಣಿ ಕೆಲಸಕ್ಕೆ ಬಂತು. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಪೈಪ್ ಬಿಗಿದೆ, ಇಲ್ಲದಿದ್ದರೆ ಮೈ ಬಾಗುತ್ತದೆ. ಉದ್ದಕ್ಕೆ ಒಂದೇ ಗೆರೆ ಎಳೆಯಲಿಲ್ಲ. ಒಂದು ಟಾಕಾ, ಅಂದರೆ ಚುಕ್ಕೆಯಷ್ಟು ಬೆಸುಗೆ, ಗೇಣು ದೂರದಲ್ಲಿ ಇನ್ನೊಂದು, ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ನಡುವೆ ಮತ್ತೊಂದು. ಕಂಪನಿಯವರು ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಹೊಡೆದಿದ್ದಲ್ಲಿ ಮೇಲಿನ ತಗಡಿಗೆ ಆರು ಮಿಲಿಮೀಟರ್ ತೂತು ಕೊರೆದು, ಆ ತೂತಿನೊಳಗೆ ಬೆಸುಗೆ ತುಂಬಿದೆ. ಒಂದು ಬದಿಯ ಸಿಲ್ಲಿಗೆ ಒಂಬತ್ತು ದಿನ ಹಿಡಿಯಿತು.

ಮೇಸ್ತ್ರಿಯನ್ನು ಕರೆತಂದು ತೋರಿಸಿದೆ. ಅವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆಸುಗೆಯನ್ನು ಉದ್ದಕ್ಕೂ ಸವರಿದರು. ಎರಡು ಕಡೆ ಬೆರಳು ನಿಲ್ಲಿಸಿ, "ಇವೆರಡು ಬಿಚ್ಚಿ ಮತ್ತೆ ಹಾಕಿ" ಎಂದರು. ಆ ಎರಡೂ ಕರೆಂಟು ಇಳಿದಿದ್ದ ಸಂಜೆ ಹಾಕಿದವು. ಮರುದಿನ ಬೆಳಿಗ್ಗೆ ವೋಲ್ಟ್ ನೋಡಿಕೊಂಡು ಬಿಚ್ಚಿ ಹಾಕಿದೆ. ಎಡಬದಿಯ ಸಿಲ್ಲು ಬಾಕಿ ಇದೆ. ಅರೇಬಿಕಾ ಕೊಯ್ಲು ಮುಗಿದು, ಪಂಪುಗಳು ಶುರುವಾಗುವ ಮೊದಲಿನ ಎರಡು ವಾರವನ್ನು ಅದಕ್ಕೆಂದೇ ಇಟ್ಟುಕೊಂಡಿದ್ದೇನೆ.